ಬೆಕ್ಕಿನ ಜೊತೆ ವಿದೇಶಕ್ಕೆ: ಬೆಂಗಳೂರಿನಿಂದ ಜರ್ಮನಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಜರ್ಮನಿಯಲ್ಲಿ ಕೆಲಸ ಸಿಕ್ಕಿದರೆ ವೀಸಾ, ನೋಟಿಸ್ ಪೀರಿಯಡ್ ಎಲ್ಲ ಸೇರಿ ಎರಡು ಮೂರು ತಿಂಗಳಲ್ಲಿ ನೀವು ಹೊರಟುಬಿಡಬಹುದು. ಬೆಕ್ಕಿಗೆ ಅಷ್ಟು ಸಾಲದು. ಚರ್ಮದ ಕೆಳಗೆ ಗುರುತಿನ ಚಿಪ್ ಇನ್ನೂ ಹಾಕಿಸದ ಬೆಕ್ಕಿಗೆ ಇವತ್ತೇ ಎಲ್ಲ ಶುರು ಮಾಡಿದರೂ ಭಾರತದಿಂದ ಯುರೋಪ್ ಒಕ್ಕೂಟದ ಯಾವುದೇ ದೇಶಕ್ಕೆ ಹೋಗಲು ಕನಿಷ್ಠ ನಾಲ್ಕು ತಿಂಗಳು ಬೇಕು. ಐದು ತಿಂಗಳು ಇಟ್ಟುಕೊಂಡರೆ ನೆಮ್ಮದಿ. ಹಾಗಾಗಿ ಈ ಬರಹದ ಉದ್ದಕ್ಕೂ ನಾನು ಹೇಳುವುದು ಒಂದೇ ಮಾತು: ಮೊದಲು ಬೆಕ್ಕಿನ ತಾರೀಖು ಗೊತ್ತು ಮಾಡಿ, ಆಮೇಲೆ ನಿಮ್ಮ ಟಿಕೆಟ್ ಮಾಡಿ. ಇಂಟರ್ವ್ಯೂ ನಡೆಯುತ್ತಿದೆ, ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲ ಅನ್ನುವಾಗಲೇ ಚಿಪ್ ಮತ್ತು ಲಸಿಕೆ ಮುಗಿಸಿಬಿಡಿ. ಹೋಗದಿದ್ದರೂ ಅದರಿಂದ ನಷ್ಟವೇನಿಲ್ಲ.

ಇಷ್ಟೊಂದು ತಡ ಯಾಕೆ ಅಂದರೆ, ಕಾರಣ ರೇಬೀಸ್. ರೇಬೀಸ್ ಹತೋಟಿಯಲ್ಲಿದೆ ಎಂದು ಒಪ್ಪಿಕೊಂಡ ದೇಶಗಳ ಪಟ್ಟಿಯೊಂದು ಯುರೋಪ್ ಒಕ್ಕೂಟದ ಹತ್ತಿರ ಇದೆ. ಅಮೆರಿಕ, ಜಪಾನ್, ಸಿಂಗಪುರ ಅದರಲ್ಲಿವೆ. ಭಾರತ ಇಲ್ಲ. ಪಟ್ಟಿಯಲ್ಲಿಲ್ಲದ ದೇಶದಿಂದ ಬರುವ ಬೆಕ್ಕಿಗೆ ಲಸಿಕೆ ಹಾಕಿಸಿದರೆ ಸಾಲದು, ಲಸಿಕೆ ಕೆಲಸ ಮಾಡಿದೆ ಎಂದು ರಕ್ತ ಪರೀಕ್ಷೆಯಲ್ಲಿ ತೋರಿಸಬೇಕು. ಒಳ್ಳೆಯ ಸುದ್ದಿಯೂ ಇದೆ. ಕಾಗದಪತ್ರ ಸರಿಯಾಗಿದ್ದರೆ ಜರ್ಮನಿಯಲ್ಲಿ ಕ್ವಾರಂಟೈನ್ ಇಲ್ಲ. ಇಳಿದ ದಿನವೇ ಬೆಕ್ಕು ನಿಮ್ಮ ಜೊತೆ ಮನೆಗೆ ಬರುತ್ತದೆ.

ಹಂತ 1: ಮೈಕ್ರೋಚಿಪ್

ಅಕ್ಕಿಕಾಳಿನಷ್ಟು ಗಾತ್ರದ ಚಿಪ್ಪನ್ನು ಡಾಕ್ಟರು ಬೆಕ್ಕಿನ ಎರಡು ಹೆಗಲಿನ ನಡುವೆ, ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಅರಿವಳಿಕೆ ಬೇಕಿಲ್ಲ. ಅದು ಐಎಸ್‌ಒ 11784 ಮತ್ತು 11785 ಮಾನದಂಡದ್ದಾಗಿರಬೇಕು, 15 ಅಂಕಿಗಳ ಸಂಖ್ಯೆ ಇರಬೇಕು. ಹಾಕಿಸಿದ ಕೂಡಲೇ ಅಲ್ಲೇ ಸ್ಕ್ಯಾನ್ ಮಾಡಿಸಿ, ಸ್ಟಿಕರ್ ಮೇಲಿನ ಸಂಖ್ಯೆಗೂ ರೀಡರ್ ತೋರಿಸುವ ಸಂಖ್ಯೆಗೂ ತಾಳೆ ನೋಡಿ.

ಇಲ್ಲಿ ಎಡವುವವರು ಬಹಳ. ಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಒಂದೇ ದಿನ ಎರಡೂ ಆಗಬಹುದು, ಆದರೆ ಕ್ರಮ ಇದೇ. ಚಿಪ್ ಇಲ್ಲದಾಗ ಹಾಕಿಸಿದ ಲಸಿಕೆ ಈ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಆ ಲಸಿಕೆ ಇದೇ ಬೆಕ್ಕಿಗೆ ಬಿತ್ತು ಎಂದು ಯಾರೂ ಸಾಬೀತು ಮಾಡಲಾಗದು. "ಹೋದ ತಿಂಗಳಷ್ಟೇ ಇಂಜೆಕ್ಷನ್ ಆಯ್ತಲ್ಲ ಡಾಕ್ಟ್ರೇ" ಅಂದರೂ ಪ್ರಯೋಜನವಿಲ್ಲ, ಮತ್ತೆ ಹಾಕಿಸಬೇಕು.

ಹಂತ 2: ರೇಬೀಸ್ ಲಸಿಕೆ

ಮರಿಗೆ 12 ವಾರ ತುಂಬಿರಬೇಕು. ಲಸಿಕೆ ಪುಸ್ತಕದಲ್ಲಿ ಚಿಪ್ ಸಂಖ್ಯೆ, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ ಇರುವ ಸ್ಟಿಕರ್, ಹಾಕಿದ ತಾರೀಖು, ಮುಗಿಯುವ ತಾರೀಖು, ಡಾಕ್ಟರ ಸಹಿ, ನೋಂದಣಿ ಸಂಖ್ಯೆ, ಸೀಲು ಇಷ್ಟೂ ಇರಲಿ. ನಮ್ಮ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ "ನೆಕ್ಸ್ಟ್ ಡ್ಯೂ" ಅಂತ ಒಂದು ತಾರೀಖು ಗೀಚಿ ಕಳಿಸುತ್ತಾರೆ. ಅಲ್ಲೇ ನಿಂತು, ನಯವಾಗಿ, ಎಲ್ಲ ಅಂಕಣ ತುಂಬಿಸಿಕೊಳ್ಳಿ. ತಿದ್ದಿ ಬರೆದ ತಾರೀಖು ಬೇಡವೇ ಬೇಡ. ತಪ್ಪಾದರೆ ಹೊಸ ಪುಸ್ತಕದಲ್ಲಿ ಬರೆಸಿ.

ಮುಂದೆ ಬೂಸ್ಟರ್ ಒಂದು ದಿನವೂ ತಡವಾಗಬಾರದು. ತಡವಾದರೆ ಮುಂದಿನ ಡೋಸನ್ನು ಮೊದಲ ಡೋಸ್ ಎಂದೇ ಲೆಕ್ಕ ಹಾಕುತ್ತಾರೆ. ಆಗ ಮುಂದಿನ ಹಂತದಲ್ಲಿ ಹೇಳುವ ರಕ್ತ ಪರೀಕ್ಷೆ, ಮೂರು ತಿಂಗಳ ಕಾಯುವಿಕೆ, ಎಲ್ಲ ಮತ್ತೆ ಮೊದಲಿನಿಂದ.

ಹಂತ 3: ಟೈಟರ್ ಟೆಸ್ಟ್

ಇಡೀ ಕೆಲಸದ ಜೀವಾಳ ಇದು. ಲಸಿಕೆಯಿಂದ ರಕ್ತದಲ್ಲಿ ರೇಬೀಸ್ ವಿರುದ್ಧ ಎಷ್ಟು ಆಂಟಿಬಾಡಿ, ಅಂದರೆ ಪ್ರತಿಕಾಯ, ಹುಟ್ಟಿದೆ ಎಂದು ಅಳೆಯುವ ಪರೀಕ್ಷೆಯೇ ಟೈಟರ್. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆಸಬೇಕು. ಡಾಕ್ಟರು ಅದರಿಂದ ಸೀರಮ್, ಅಂದರೆ ರಕ್ತದ ತಿಳಿ ದ್ರವ, ಬೇರ್ಪಡಿಸಿ, ತಣ್ಣಗಿಟ್ಟು ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬ್ ಯುರೋಪ್ ಒಕ್ಕೂಟದ ಮಾನ್ಯತೆ ಇರುವುದೇ ಆಗಬೇಕು. ಆ ಪಟ್ಟಿ ಯುರೋಪಿಯನ್ ಕಮಿಷನ್ನಿನ ಜಾಲತಾಣದಲ್ಲಿದೆ. ನಿಮ್ಮ ಡಾಕ್ಟರು ಹೇಳಿದ ಲ್ಯಾಬಿನ ಹೆಸರು ಅಲ್ಲಿ ಇದೆಯೋ ಇಲ್ಲವೋ ನೀವೇ ನೋಡಿ. ಊರಿನ ಮಾಮೂಲಿ ಲ್ಯಾಬಿನ ಆಂಟಿಬಾಡಿ ರಿಪೋರ್ಟಿಗೆ ವಿಮಾನ ನಿಲ್ದಾಣದಲ್ಲಿ ಬೆಲೆ ಇಲ್ಲ.

ಫಲಿತಾಂಶ ಪ್ರತಿ ಮಿಲಿಲೀಟರಿಗೆ 0.5 ಐಯು (ಇಂಟರ್ನ್ಯಾಷನಲ್ ಯೂನಿಟ್) ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಕಡಿಮೆ ಬಂದರೆ ಬೂಸ್ಟರ್ ಹಾಕಿಸಿ ಮತ್ತೆ ರಕ್ತ ಕೊಡಬೇಕು. ಮೊದಲ ಸಲ ಲಸಿಕೆ ಪಡೆಯುವ ಬೆಕ್ಕಿಗೆ ಒಂದೇ ಡೋಸಿನಲ್ಲಿ ಸಾಕಷ್ಟು ಬರದೆ ಹೋಗುವುದುಂಟು. ಹಾಗಾಗಿ ಸಮಯವಿದ್ದರೆ ಎರಡನೇ ಡೋಸಿನ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿ.

ರಕ್ತ ತೆಗೆಯುವ ಮುಂಚೆ ಚಿಪ್ ಸ್ಕ್ಯಾನ್ ಮಾಡಿಸಿ, ಆ 15 ಅಂಕಿಗಳನ್ನು ಲ್ಯಾಬಿನ ಫಾರ್ಮಿನಲ್ಲಿ ನಿಮ್ಮ ಕಣ್ಣೆದುರೇ ಬರೆಸಿ. ಒಂದು ಅಂಕಿ ಆಚೀಚೆ ಆದರೆ ಆ ರಿಪೋರ್ಟು ಬೇರೆ ಯಾವುದೋ ಬೆಕ್ಕಿನದು.

ಈಗ ಮೂರು ತಿಂಗಳು ಕಾಯಬೇಕು. ಎಣಿಕೆ ಶುರುವಾಗುವುದು ರಕ್ತ ತೆಗೆದ ದಿನದಿಂದ, ರಿಪೋರ್ಟು ಬಂದ ದಿನದಿಂದ ಅಲ್ಲ. ಒಂದು ಉದಾಹರಣೆ ನೋಡಿ. ಫೆಬ್ರವರಿ 1ಕ್ಕೆ ಚಿಪ್ ಮತ್ತು ಲಸಿಕೆ. ಮಾರ್ಚ್ 5ಕ್ಕೆ ರಕ್ತ. ಜೂನ್ 5ರ ತನಕ ಪ್ರವೇಶವಿಲ್ಲ. ಒಂದೆರಡು ದಿನ ಕೈಯಲ್ಲಿಟ್ಟುಕೊಂಡು ಜೂನ್ 8ಕ್ಕೆ ಟಿಕೆಟ್. ಮರಿಯಾದರೆ ಇದೇ ಲೆಕ್ಕದಲ್ಲಿ ಸುಮಾರು ಏಳು ತಿಂಗಳ ವಯಸ್ಸಿಗೆ ಮುಂಚೆ ಯುರೋಪಿಗೆ ಬರುವ ದಾರಿಯೇ ಇಲ್ಲ.

ಒಮ್ಮೆ ಪಾಸಾದ ಟೈಟರ್ ರಿಪೋರ್ಟು, ಬೂಸ್ಟರ್ ತಪ್ಪಿಸದೆ ಹಾಕಿಸುತ್ತಾ ಹೋದರೆ, ಬೆಕ್ಕು ಇರುವ ತನಕ ನಡೆಯುತ್ತದೆ. ಮೂಲ ಪ್ರತಿಯನ್ನು ಪಾಸ್‌ಪೋರ್ಟಿನ ಜೊತೆಯೇ ಇಡಿ.

ನಾನು ಮೊದಲು ಹೋಗ್ತೀನಿ, ಅಮ್ಮ ಆಮೇಲೆ ಕರ್ಕೊಂಡು ಬರ್ತಾಳೆ

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ಮಗ ಮಾರ್ಚಿನಲ್ಲಿ ಹೋಗುವುದು, ಜೂನಿನಲ್ಲಿ ಮಗನ ಮನೆ ನೋಡಲು ಬರುವ ಅಪ್ಪ ಅಮ್ಮ ಬೆಕ್ಕನ್ನೂ ತರುವುದು. ಕೇಳಲು ಚೆನ್ನಾಗಿದೆ. ನಿಯಮ ಒಪ್ಪುವುದಿಲ್ಲ.

ಸಾಕುಪ್ರಾಣಿ ಮಾಲೀಕರ ಜೊತೆಯೇ ಬರಬೇಕು. ಮಾಲೀಕರು ಬರೆದುಕೊಟ್ಟ ಒಪ್ಪಿಗೆ ಪತ್ರದೊಂದಿಗೆ ಬೇರೆಯವರೂ ತರಬಹುದು, ಆದರೆ ಮಾಲೀಕರ ಪ್ರಯಾಣಕ್ಕೂ ಬೆಕ್ಕಿನ ಪ್ರಯಾಣಕ್ಕೂ ಐದು ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಮೀರಿದರೆ ಅದು ಮನೆಯ ಬೆಕ್ಕಲ್ಲ, ವ್ಯಾಪಾರದ ಸರಕು. ಆಗ ಬೇರೆ ಸರ್ಟಿಫಿಕೇಟು, ಬೇರೆ ತಪಾಸಣಾ ಠಾಣೆ, ಬೇರೆ ಖರ್ಚು.

ಹಾಗಾದರೆ ಏನು ಮಾಡುವುದು? ಕಂಪನಿಗೆ ಸೇರುವ ದಿನ ಮುಂದೂಡಲು ಆಗದಿದ್ದರೆ ನೀವು ಹೋಗಿ, ಬೆಕ್ಕು ಊರಲ್ಲಿ ಅಮ್ಮನ ಹತ್ತಿರ ಇರಲಿ. ಮೂರು ತಿಂಗಳು ಮುಗಿದ ಮೇಲೆ ಒಂದು ವಾರ ರಜೆ ಹಾಕಿ ಬಂದು, ನೀವೇ ಕರೆದುಕೊಂಡು ಹೋಗಿ. ಆ ಟಿಕೆಟಿನ ಖರ್ಚು ಎಷ್ಟೇ ಆದರೂ ಸರಕಿನ ದಾರಿಯ ತಲೆನೋವಿಗಿಂತ ಇದು ವಾಸಿ. ನನ್ನ ಪ್ರಕಾರ ಬೆಕ್ಕಿಗೂ ಇದೇ ಒಳ್ಳೆಯದು. ಅಷ್ಟರಲ್ಲಿ ನಿಮಗೆ ಅಲ್ಲಿ ಮನೆ ಸಿಕ್ಕಿರುತ್ತದೆ, ಮೊದಲ ತಿಂಗಳ ಬಾಡಿಗೆ ರೂಮಿನ ಅಲೆದಾಟ ಅದಕ್ಕೆ ತಪ್ಪುತ್ತದೆ.

ಬೆಕ್ಕು ತುಂಬಾ ಮುದಿಯಾಗಿದ್ದರೆ, ಕಿಡ್ನಿ ಅಥವಾ ಹೃದಯದ ಕಾಯಿಲೆ ಇದ್ದರೆ, ಕರೆದೊಯ್ಯಲೇಬೇಕು ಅನ್ನುವ ಹಟ ಬೇಡ. ಅದು ಚೆನ್ನಾಗಿ ಬಲ್ಲ ಮನೆಯಲ್ಲಿ, ಬಲ್ಲ ಜನರ ಜೊತೆ ಬಿಡುವುದು ತಪ್ಪೇನಲ್ಲ.

ಹಂತ 4: ವಿಮಾನ ಆರಿಸುವುದು

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ಗೆ ಲುಫ್ತಾನ್ಸಾ, ಆಮ್‌ಸ್ಟರ್‌ಡ್ಯಾಮಿಗೆ ಕೆಎಲ್‌ಎಂ, ಪ್ಯಾರಿಸ್ಸಿಗೆ ಏರ್ ಫ್ರಾನ್ಸ್ ನೇರ ಹಾರುತ್ತವೆ. ಈ ಮೂರೂ ಸಂಸ್ಥೆಗಳು ಸಣ್ಣ ಸಾಕುಪ್ರಾಣಿಯನ್ನು ಕ್ಯಾಬಿನ್ ಒಳಗೆ, ಮುಂದಿನ ಸೀಟಿನ ಕೆಳಗೆ ಇಡಲು ಬಿಡುತ್ತವೆ. ಮಿತಿ, ಬೆಕ್ಕನ್ನು ಒಯ್ಯುವ ಚೀಲ ಸೇರಿ 8 ಕೆಜಿ. ನಮ್ಮ ನಾಟಿ ಬೆಕ್ಕುಗಳು ಸಾಮಾನ್ಯವಾಗಿ ಮೂರರಿಂದ ಐದು ಕೆಜಿ ತೂಗುತ್ತವೆ, ಹಾಗಾಗಿ ಚಿಂತೆಯಿಲ್ಲ. ಸೋಫಾ ಬಿಟ್ಟು ಏಳದ ಗುಂಡಣ್ಣ ಮನೆಯಲ್ಲಿದ್ದರೆ ಐದು ತಿಂಗಳು ಇದೆಯಲ್ಲ, ಊಟದ ಅಳತೆ ನೋಡಿಕೊಳ್ಳಿ.

ಎಮಿರೇಟ್ಸ್ ಕ್ಯಾಬಿನ್‌ನಲ್ಲಿ ಬೆಕ್ಕು ನಾಯಿ ಬಿಡುವುದಿಲ್ಲ. ದುಬೈ ಮತ್ತು ಪಾಕಿಸ್ತಾನದ ಕೆಲವು ಊರುಗಳ ನಡುವೆ ಬೇಟೆ ಗಿಡುಗಕ್ಕೆ ಮಾತ್ರ ಬಿಡುತ್ತದೆ! ಅಗ್ಗದ ಟಿಕೆಟ್ ಅಂತ ಗಲ್ಫ್ ದಾರಿ ಹಿಡಿಯುವ ಮುಂಚೆ ಇಂಥದ್ದನ್ನು ನೋಡಿಕೊಳ್ಳಿ. ಲಂಡನ್ ಮೂಲಕ ಹೋಗುವುದು ಬೇಡವೇ ಬೇಡ, ಅಲ್ಲಿನ ನಿಯಮವೇ ಬೇರೆ.

ಟಿಕೆಟ್ ಮಾಡುವ ಕ್ರಮ ಹೀಗಿರಲಿ. ಮೊದಲು ವಿಮಾನ ಸಂಸ್ಥೆಗೆ ಫೋನ್ ಮಾಡಿ, ಆ ದಿನದ ವಿಮಾನದಲ್ಲಿ ಪ್ರಾಣಿಗೆ ಜಾಗ ಇದೆಯಾ ಕೇಳಿ. ಒಂದು ವಿಮಾನದಲ್ಲಿ ಇಷ್ಟೇ ಪ್ರಾಣಿ ಅಂತ ಮಿತಿ ಇರುತ್ತದೆ. ಇದೆ ಅಂದರೆ ಟಿಕೆಟ್ ಮಾಡಿ, ತಕ್ಷಣ ಬೆಕ್ಕನ್ನು ಅದಕ್ಕೆ ಸೇರಿಸಿ, ಒಪ್ಪಿಗೆಯನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಚೀಲದ ಅಳತೆ ಒಂದೊಂದು ಸಂಸ್ಥೆಗೆ ಒಂದೊಂದು ಥರ, ಅದನ್ನು ಕೇಳಿ ತಿಳಿದ ಮೇಲೆಯೇ ಚೀಲ ಕೊಳ್ಳಿ. ತುರ್ತು ಬಾಗಿಲಿನ ಸಾಲು ಮತ್ತು ಮುಂದೆ ಗೋಡೆ ಇರುವ ಸಾಲು ಸಿಗುವುದಿಲ್ಲ, ಚೀಲ ಇಡಲು ಮುಂದೆ ಸೀಟು ಬೇಕಲ್ಲ.

ಕಾರ್ಗೊದಲ್ಲಿ ಕಳಿಸಲೇಬೇಕಾದರೆ ಪೆಟ್ಟಿಗೆ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ ನಿಯಮದ್ದಾಗಿರಬೇಕು. ಗಟ್ಟಿ ಗೋಡೆ, ಗಾಳಿಕಿಂಡಿ, ಹೊರಗಿನಿಂದಲೇ ನೀರು ತುಂಬಬಹುದಾದ ಬಟ್ಟಲು. ಬೆಕ್ಕು ನೆಟ್ಟಗೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ದುಡ್ಡಿನ ಲೆಕ್ಕ ಬೆಕ್ಕಿನ ತೂಕದ ಮೇಲಲ್ಲ, ಪೆಟ್ಟಿಗೆ ಹಿಡಿಯುವ ಜಾಗದ ಮೇಲೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. 60, 40, 40ರ ಪೆಟ್ಟಿಗೆ ಅಂದರೆ 16 ಕೆಜಿ. ಒಳಗಿರುವ ಬೆಕ್ಕು ನಾಲ್ಕೇ ಕೆಜಿ ಇರಬಹುದು. ಈ ದಾರಿಗೆ ಮಾತ್ರ ಪ್ರಾಣಿ ಸಾಗಣೆಯ ಏಜೆಂಟರು ಬೇಕಾಗುತ್ತಾರೆ. ಕ್ಯಾಬಿನ್‌ನಲ್ಲಿ ಕರೆದೊಯ್ಯುವವರು ಸ್ವಲ್ಪ ಓಡಾಡಲು ರೆಡಿ ಇದ್ದರೆ ಏಜೆಂಟರಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಪರ್ಷಿಯನ್, ಹಿಮಾಲಯನ್‌ನಂಥ ಚಪ್ಪಟೆ ಮೂಗಿನ ಬೆಕ್ಕುಗಳಿಗೆ ಉಸಿರಾಟದ ತೊಂದರೆ ಜಾಸ್ತಿ. ಹಲವು ಸಂಸ್ಥೆಗಳು ಅವನ್ನು ವಿಮಾನದ ಹೊಟ್ಟೆಯಲ್ಲಿ ಸಾಗಿಸಲು ಒಪ್ಪುವುದಿಲ್ಲ. ಅವಕ್ಕೆ ಕ್ಯಾಬಿನ್ನೇ ಸರಿ.

ಹಂತ 5: ಕಾಯುವ ತಿಂಗಳುಗಳಲ್ಲಿ ಮನೆಯಲ್ಲಿ ಮಾಡುವ ಕೆಲಸ

ಚೀಲವನ್ನು ಹೊರಡುವ ಹಿಂದಿನ ದಿನ ಅಟ್ಟದಿಂದ ಇಳಿಸಿದರೆ ಬೆಕ್ಕು ಮಂಚದ ಕೆಳಗೆ ಹೋಗಿ ಕೂರುತ್ತದೆ, ಅಲ್ವಾ? ಚೀಲ ಅಂದರೆ ಡಾಕ್ಟರು, ಡಾಕ್ಟರು ಅಂದರೆ ಸೂಜಿ. ಈ ನಂಟು ಮುರಿಯಬೇಕು. ಅದಕ್ಕೆ ಚೀಲವನ್ನು ತಿಂಗಳುಗಟ್ಟಲೆ ಹಾಲ್‌ನಲ್ಲಿ ಬಾಯಿ ತೆರೆದು ಇಟ್ಟುಬಿಡಿ. ಒಳಗೆ ನಿಮ್ಮ ಹಳೆಯ ಸೀರೆಯೋ ಟೀ ಶರ್ಟೋ ಹಾಸಿ, ಒಗೆಯದೇ ಇದ್ದರೆ ಇನ್ನೂ ಒಳ್ಳೆಯದು. ಮೊದಲು ಅದು ಮೂಸಿ ನೋಡಿ ಹೋಗುತ್ತದೆ. ಕೆಲವು ದಿನದ ಮೇಲೆ ಮುಂಗಾಲು ಇಡುತ್ತದೆ. ನಮ್ಮನೆಯದು ಎಷ್ಟೋ ದಿನ ಚೀಲದ ಮೇಲೆ ಹತ್ತಿ ಕೂತಿತೇ ಹೊರತು ಒಳಗೆ ಹೋಗಲಿಲ್ಲ. ಕೊನೆಗೆ ಊಟದ ತಟ್ಟೆಯನ್ನೇ ಒಳಗಿಟ್ಟ ಮೇಲೆ ದಾರಿಗೆ ಬಂತು. ಒಳಗೆ ಹೋಗಿ ಮಲಗಲು ಶುರು ಮಾಡಿದ ಮೇಲೆ ಜಿಪ್ ಹಾಕಿ, ಒಂದು ನಿಮಿಷಕ್ಕೆ ತೆಗೆಯಿರಿ. ಆಮೇಲೆ ಹತ್ತು ನಿಮಿಷ. ಆಮೇಲೆ ಆಟೋದಲ್ಲಿ ಬೀದಿ ಸುತ್ತು. ಆಮೇಲೆ ಕಾರಿನಲ್ಲಿ ಹೆಬ್ಬಾಳದ ಫ್ಲೈಓವರ್ ತನಕ.

ಇದರ ಜೊತೆಗೇ ದಾರ ಕಟ್ಟಿದ ಎದೆಪಟ್ಟಿ (ಹಾರ್ನೆಸ್) ಹಾಕಿಕೊಳ್ಳುವ ಅಭ್ಯಾಸವೂ ಆಗಲಿ. ಅದು ಯಾಕೆ ಬೇಕು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಊಟದ ಅಭ್ಯಾಸವೂ ಬದಲಾಗಬೇಕು. ಹಾಲನ್ನ, ಮೊಸರನ್ನ, ಬೇಯಿಸಿದ ಬಂಗುಡೆ ತಿಂದು ಬೆಳೆದ ಬೆಕ್ಕಿಗೆ ಜರ್ಮನಿಯಲ್ಲಿ ದಿನಾ ಬಂಗುಡೆ ಬೇಯಿಸಲು ನಿಮಗೆ ಪುರುಸೊತ್ತು ಇರುವುದಿಲ್ಲ. ಪ್ಯಾಕೆಟ್ ತಿಂಡಿಗೆ ನಿಧಾನವಾಗಿ ಒಗ್ಗಿಸಿ, ವಾರ ಹತ್ತು ದಿನ ಹಳೆಯದರ ಜೊತೆ ಬೆರೆಸುತ್ತಾ. ರಾಯಲ್ ಕ್ಯಾನಿನ್‌ನಂಥ, ಎರಡೂ ಕಡೆ ಸಿಗುವ ಬ್ರಾಂಡ್ ಆರಿಸಿದರೆ ಊರು ಬದಲಾದರೂ ತಟ್ಟೆಯಲ್ಲಿರುವುದು ಬದಲಾಗುವುದಿಲ್ಲ. ಇಲ್ಲಿಂದ ಮೂಟೆ ಕಟ್ಟಿಕೊಂಡು ಹೋಗುತ್ತೇನೆ ಅನ್ನಬೇಡಿ. ಮಾಂಸ ಅಥವಾ ಹಾಲಿನ ಅಂಶ ಇರುವ ತಿಂಡಿಯನ್ನು ಹೊರದೇಶದಿಂದ ಲಗೇಜಿನಲ್ಲಿ ತರುವುದಕ್ಕೆ ಯುರೋಪ್ ಒಕ್ಕೂಟದಲ್ಲಿ ನಿಷೇಧವಿದೆ. ಬೆಕ್ಕಿನ ತಿಂಡಿಯೂ ಅದರಲ್ಲಿ ಸೇರಿತು. ಕಾಯಿಲೆಗೆಂದೇ ಇರುವ ವಿಶೇಷ ಆಹಾರಕ್ಕೆ ಮಾತ್ರ, ಸೀಲ್ ಒಡೆಯದ ಪ್ಯಾಕೆಟ್ ಆದರೆ, 2 ಕೆಜಿ ತನಕ ವಿನಾಯಿತಿ.

ನಿದ್ದೆ ಮಾತ್ರೆ ಕೊಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮಷ್ಟಕ್ಕೆ ನೀವೇ ಕೊಡಬೇಡಿ. ಮಂಪರಿನಲ್ಲಿರುವ ಪ್ರಾಣಿಗೆ ಬಿಪಿ ಇಳಿಯಬಹುದು, ಉಸಿರಾಟ ಕಷ್ಟವಾಗಬಹುದು. ಮಂಪರು ಕಂಡರೆ ವಿಮಾನ ಸಂಸ್ಥೆಯವರೇ ಹತ್ತಿಸದೆ ಇರಬಹುದು. ವಿಪರೀತ ಹೆದರುವ ಬೆಕ್ಕಿಗೆ ಡಾಕ್ಟರು ಹೆದರಿಕೆ ತಗ್ಗಿಸುವ ಗಾಬಾಪೆಂಟಿನ್‌ನಂಥದ್ದನ್ನು ಬರೆದುಕೊಟ್ಟರೆ, ಅದನ್ನು ಒಮ್ಮೆ ಮನೆಯಲ್ಲೇ ಕೊಟ್ಟು ಹೇಗಿರುತ್ತದೆ ನೋಡಿ. ಮೊದಲ ಪ್ರಯೋಗ ಆಕಾಶದಲ್ಲಿ ಬೇಡ.

ಹಂತ 6: ಕೊನೆಯ ಹತ್ತು ದಿನದ ಕಾಗದ

ಯುರೋಪಿನ ಆರೋಗ್ಯ ಪ್ರಮಾಣಪತ್ರಕ್ಕೆ ಗೊತ್ತುಪಡಿಸಿದ ನಮೂನೆ ಇದೆ. ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿ ಮತ್ತು ಸೀಲು ಬಿದ್ದ ದಿನದಿಂದ 10 ದಿನದ ಒಳಗೆ ನೀವು ಯುರೋಪಿನ ತಪಾಸಣೆ ದಾಟಿರಬೇಕು. ಭಾರತದಲ್ಲಿ ಈ ಕೆಲಸ ಕೇಂದ್ರ ಪಶುಸಂಗೋಪನಾ ಇಲಾಖೆಯ ಅನಿಮಲ್ ಕ್ವಾರಂಟೈನ್ ಅಂಡ್ ಸರ್ಟಿಫಿಕೇಶನ್ ಸರ್ವೀಸಸ್‌ನದು. ಎಲ್ಲರೂ ಎಕ್ಯೂಸಿಎಸ್ ಅನ್ನುತ್ತಾರೆ. ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಹೈದರಾಬಾದ್ ಜೊತೆಗೆ ಬೆಂಗಳೂರಿನಲ್ಲೂ ಇದರ ಕಚೇರಿ ಇದೆ. ಹುಬ್ಬಳ್ಳಿ, ಮೈಸೂರು, ಮಂಗಳೂರಿನವರು ಇದಕ್ಕಾಗಿ ಎರಡು ಮೂರು ದಿನ ಮುಂಚೆಯೇ ಬೆಂಗಳೂರಿಗೆ ಬಂದು ಉಳಿಯುವ ಲೆಕ್ಕ ಹಾಕಿಕೊಳ್ಳಿ.

ತಿಂಗಳ ಮುಂಚೆಯೇ ಕಚೇರಿಗೆ ಇಮೇಲ್ ಮಾಡಿ, ಏನೇನು ತರಬೇಕು, ಬೆಕ್ಕನ್ನು ಯಾವ ದಿನ ಎಲ್ಲಿಗೆ ತೋರಿಸಬೇಕು ಕೇಳಿ. ಸಾಮಾನ್ಯವಾಗಿ ಕೇಳುವುದು ಇವು: ನಿಮ್ಮ ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟು, ಲಸಿಕೆ ಪುಸ್ತಕ, ಟೈಟರ್ ರಿಪೋರ್ಟು, ಪಾಸ್‌ಪೋರ್ಟ್, ವೀಸಾ ಮತ್ತು ಟಿಕೆಟಿನ ಪ್ರತಿ, ಬೆಕ್ಕಿನ ಫೋಟೊ. ಹಬ್ಬದ ರಜೆ, ಶನಿವಾರ, ಭಾನುವಾರ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ದಸರಾ ವಾರದಲ್ಲಿ ಹತ್ತು ದಿನ ಅನ್ನುವುದು ಕೈಗೆ ಐದು ದಿನವೂ ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಪ್ರಮಾಣಪತ್ರ ಇಂಗ್ಲಿಷಿನ ಜೊತೆಗೆ, ನೀವು ಯುರೋಪಿನಲ್ಲಿ ಮೊದಲು ಕಾಲಿಡುವ ದೇಶದ ಭಾಷೆಯಲ್ಲೂ ಇರಬೇಕು. ನೇರ ಫ್ರಾಂಕ್‌ಫರ್ಟಿಗೆ ಹೋದರೆ ಜರ್ಮನ್. ಮ್ಯೂನಿಕ್ಕಿಗೆ ಹೋಗಲು ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಿಸುವಿರಾದರೆ ಡಚ್, ಏಕೆಂದರೆ ತಪಾಸಣೆ ಅಲ್ಲಿ. ಎರಡು ಭಾಷೆಯ ಖಾಲಿ ನಮೂನೆಗಳು ಆಯಾ ದೇಶದ ಸರ್ಕಾರಿ ಜಾಲತಾಣಗಳಲ್ಲಿ ಸಿಗುತ್ತವೆ. ಸರಿಯಾದದ್ದನ್ನು ನೀವೇ ಇಳಿಸಿಕೊಂಡು ಕಚೇರಿಗೆ ಕೊಂಡೊಯ್ಯಿರಿ. ಅದರ ಜೊತೆ ಇರುವ ಘೋಷಣೆಗೆ, ಅಂದರೆ ಈ ಬೆಕ್ಕು ಮಾರಾಟಕ್ಕಲ್ಲ ಅನ್ನುವ ಕಾಗದಕ್ಕೆ, ನೀವೇ ಸಹಿ ಹಾಕಬೇಕು.

ಸಹಿಯಾದ ಮೇಲೆ ಮೇಜಿನ ಎದುರೇ ನಿಂತು ಚಿಪ್ ಸಂಖ್ಯೆ, ಲಸಿಕೆಯ ತಾರೀಖು, ರಕ್ತ ತೆಗೆದ ತಾರೀಖು ಮೂರನ್ನೂ ಇನ್ನೊಮ್ಮೆ ಓದಿ. ನಾಚಿಕೆ ಬೇಡ.

ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಟಿಕೆಟ್ ಮಾಡುವ ಮುಂಚೆ ಒಮ್ಮೆ, ಹೊರಡುವ ತಿಂಗಳು ಇನ್ನೊಮ್ಮೆ ಜರ್ಮನ್ ಕಸ್ಟಮ್ಸ್ ಇಲಾಖೆಯ ಜಾಲತಾಣ ನೋಡಿ.

ಹಂತ 7: ಹೊರಡುವ ರಾತ್ರಿ

ಹೊರಡುವ ಐದಾರು ಗಂಟೆ ಮುಂಚೆ ಹಗುರ ಊಟ ಮುಗಿಸಿ. ನೀರು ಕೊಡುತ್ತಿರಿ. ಚೀಲದ ತಳಕ್ಕೆ ಮೂತ್ರ ಹೀರುವ ಪ್ಯಾಡ್ ಹಾಸಿ, ಇನ್ನೆರಡು ಕೈಚೀಲದಲ್ಲಿ ಇಡಿ. ಬೆಕ್ಕು ಹನ್ನೆರಡು ಗಂಟೆ ತಡೆದುಕೊಳ್ಳುವುದು ದೊಡ್ಡ ವಿಷಯವಲ್ಲ, ಹೆಚ್ಚಿನವು ವಿಮಾನದಲ್ಲಿ ಏನೂ ಮಾಡದೆ ಮುದುಡಿ ಮಲಗುತ್ತವೆ. ಒದ್ದೆ ಟಿಶ್ಯೂ, ಪ್ಲಾಸ್ಟಿಕ್ ಕವರು, ನಿಮಗೊಂದು ಜೊತೆ ಬಟ್ಟೆ ಇರಲಿ.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಿಂದ ಹೋಗುತ್ತವೆ. ಬೆಕ್ಕು ಇದ್ದರೆ ಆನ್‌ಲೈನ್ ಚೆಕ್ ಇನ್ ನೆಚ್ಚಿಕೊಳ್ಳಬೇಡಿ, ಕೌಂಟರಿನಲ್ಲೇ ತೂಕ, ಕಾಗದ ನೋಡುತ್ತಾರೆ. ನಾಲ್ಕು ಗಂಟೆ ಮುಂಚೆ ಹೋಗಿ.

ಇಡೀ ಪ್ರಯಾಣದಲ್ಲಿ ಎದೆ ಹೊಡೆದುಕೊಳ್ಳುವ ಜಾಗ ಸೆಕ್ಯೂರಿಟಿ. ಚೀಲ ಎಕ್ಸ್‌ರೇ ಯಂತ್ರಕ್ಕೆ ಹೋಗಬೇಕು, ಬೆಕ್ಕು ಹೋಗಬಾರದು. ಅಂದರೆ ಗದ್ದಲ, ಟ್ರೇಗಳ ಸದ್ದು, ಬಿಳಿ ಬೆಳಕಿನ ನಡುವೆ ಬೆಕ್ಕನ್ನು ಚೀಲದಿಂದ ತೆಗೆದು ಎದೆಗೆ ಒತ್ತಿಕೊಂಡು ಲೋಹಶೋಧಕ ದಾಟಬೇಕು. ಎದೆಪಟ್ಟಿ ಬೇಕು ಅಂದದ್ದು ಇದಕ್ಕೇ. ದಾರವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಳ್ಳಿ. ಎದೆಪಟ್ಟಿಯ ಲೋಹದ ಕೊಂಡಿ ಸದ್ದು ಮಾಡಿದರೆ ಕೈಯಲ್ಲಿ ತಪಾಸಣೆ ಮಾಡುತ್ತಾರೆ, ಅಷ್ಟೇ. ಸಿಬ್ಬಂದಿಗೆ ಮೊದಲೇ ಹೇಳಿ, ಬಾಗಿಲು ಮುಚ್ಚುವ ಕೋಣೆಯಲ್ಲಿ ತಪಾಸಣೆ ಮಾಡುತ್ತೀರಾ ಎಂದು ಕೇಳಿ. ಕೇಳಿದರೆ ಸಿಗುವ ಸಾಧ್ಯತೆ ಇದೆ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಜೊತೆಗೆ ಇನ್ನೊಬ್ಬರು ಇದ್ದರೆ ಅವರು ಮೊದಲು ದಾಟಿ ಚೀಲ ಹಿಡಿದು ಆಚೆ ನಿಂತಿರಲಿ.

ವಿಮಾನದ ಒಳಗೆ ಚೀಲದ ಜಿಪ್ ಪೂರ್ತಿ ತೆಗೆಯಬೇಡಿ. ಬೆರಳು ಒಳಗೆ ಹೋಗುವಷ್ಟು ಸಂದು ಸಾಕು, ನಿಮ್ಮ ವಾಸನೆ ಸಿಕ್ಕರೆ ಅದು ಸುಮ್ಮನಾಗುತ್ತದೆ. ಮೇಲೇರುವಾಗ ಸ್ವಲ್ಪ ಕೂಗಾಡಬಹುದು. ಪಕ್ಕದವರು ಒಮ್ಮೆ ತಿರುಗಿ ನೋಡುತ್ತಾರೆ, ಆಮೇಲೆ ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಹಂತ 8: ಇಳಿದ ಮೇಲೆ

ಇಮಿಗ್ರೇಷನ್ ಆದ ಮೇಲೆ, ಕಸ್ಟಮ್ಸ್‌ಗೆ ತೋರಿಸಲು ಏನೂ ಇಲ್ಲದವರ ಹಸಿರು ದಾರಿಯಲ್ಲಿ ಸುಮ್ನೆ ನಡೆದು ಹೋಗಬೇಡಿ. ಕೆಂಪು ದಾರಿ ಹಿಡಿದು, ಬೆಕ್ಕಿದೆ ಎಂದು ಕಸ್ಟಮ್ಸ್‌ನವರಿಗೆ ನೀವಾಗಿಯೇ ಹೇಳಬೇಕು. ಅವರು ಕಾಗದ ನೋಡಿ, ಚಿಪ್ ಸ್ಕ್ಯಾನ್ ಮಾಡಿ, ಸೀಲು ಹಾಕಿ ಬಿಡುತ್ತಾರೆ. ಕಾಗದದಲ್ಲಿ ದೋಷವಿದ್ದರೆ ಬೆಕ್ಕನ್ನು ವಾಪಸ್ ಕಳಿಸಬಹುದು, ಅಥವಾ ನಿಮ್ಮ ಖರ್ಚಿನಲ್ಲಿ ಕ್ವಾರಂಟೈನ್‌ಗೆ ಹಾಕಬಹುದು. ಎರಡೂ ಆಗದಿದ್ದಾಗ ಪ್ರಾಣ ತೆಗೆಯುವುದಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಅಂಕಿ, ತಾರೀಖು ಅಂತ ನಾನು ಇಷ್ಟು ಪೀಡಿಸಿದ್ದು ಅದಕ್ಕೇ.

ಮನೆ ಸೇರಿದ ಮೇಲೆ ಮೊದಲ ಕೆಲವು ದಿನ ಒಂದೇ ಕೋಣೆ ಸಾಕು. ಲಿಟರ್ ಟ್ರೇ, ನೀರು, ಊಟ, ಅದೇ ಪ್ರಯಾಣದ ಚೀಲ, ಅದೇ ಹಳೆಯ ಬಟ್ಟೆ. ಒಂದೆರಡು ದಿನ ಊಟ ಕಡಿಮೆಯಾದರೆ ಗಾಬರಿ ಬೇಡ. ಏನೂ ತಿನ್ನದೆ ಎರಡು ದಿನ ಕಳೆದರೆ ಡಾಕ್ಟರ ಹತ್ತಿರ ಹೋಗಿ, ಉಪವಾಸವಿದ್ದ ಬೆಕ್ಕಿನ ಲಿವರ್ ಬೇಗ ಕೆಡುತ್ತದೆ.

ಆಮೇಲೆ ಕಿಟಕಿ. ನಮ್ಮೂರಿನ ಕಿಟಕಿಗೆ ಗ್ರಿಲ್ ಇರುತ್ತದೆ. ಜರ್ಮನಿಯ ಕಿಟಕಿ ಹಿಡಿಕೆ ಮೇಲೆ ತಿರುಗಿಸಿದರೆ ಮೇಲ್ಭಾಗ ಮಾತ್ರ ಒಳಗೆ ವಾಲಿ ನಿಲ್ಲುತ್ತದೆ. ಗಾಳಿ ಬರಲಿ ಅಂತ ಹಾಗೆ ಬಿಟ್ಟು ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ಬೆಕ್ಕು ಆ ಸಂದಿನಿಂದ ಹೊರಗೆ ನುಸುಳಲು ನೋಡುತ್ತದೆ, ಜಾರುತ್ತದೆ. ಸಂದು ಕೆಳಕ್ಕೆ ಹೋದಂತೆ ಕಿರಿದಾಗುವುದರಿಂದ ಒದ್ದಾಡಿದಷ್ಟೂ ಸೊಂಟ ಸಿಕ್ಕಿಕೊಳ್ಳುತ್ತದೆ. ರಕ್ತ ಓಡಾಟ ನಿಂತು ಹಿಂಗಾಲು ಸ್ವಾಧೀನ ತಪ್ಪುತ್ತದೆ, ಎಷ್ಟೋ ಬೆಕ್ಕುಗಳು ಸಾಯುತ್ತವೆ. ಅಲ್ಲಿನ ಪಶುವೈದ್ಯರು ಇದಕ್ಕೆ ಕಿಪ್‌ಫೆನ್‌ಸ್ಟರ್ ಸಿಂಡ್ರೋಮ್, ಅಂದರೆ ವಾಲುವ ಕಿಟಕಿಯ ಕಾಯಿಲೆ, ಎಂದೇ ಹೆಸರಿಟ್ಟಿದ್ದಾರೆ. ಸಂದು ಮುಚ್ಚುವ ಜಾಲರಿ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಬೆಕ್ಕು ಬರುವ ಮುಂಚೆಯೇ ಹಾಕಿಬಿಡಿ, ಬಾಲ್ಕನಿಗೆ ಬಲೆಯನ್ನೂ. ಬಲೆ ಕಟ್ಟಲು ಮನೆ ಮಾಲೀಕರನ್ನು ಒಂದು ಮಾತು ಕೇಳಿ.

ಬಾಡಿಗೆ ಮನೆಯಲ್ಲಿ ಬೆಕ್ಕು ಸಾಕಲು ಬಿಡುತ್ತಾರಾ? ನಾಯಿ ಬೆಕ್ಕು ಸಾಕುವುದನ್ನು ಅಚ್ಚು ಹಾಕಿದ ಕರಾರಿನಲ್ಲಿ ಸಾರಾಸಗಟಾಗಿ ನಿಷೇಧಿಸುವಂತಿಲ್ಲ ಎಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ 2013ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿದೆ. ಹಾಗಂತ ಬಚ್ಚಿಟ್ಟು ತರಬೇಡಿ. ಮನೆ ನೋಡಲು ಹೋದಾಗಲೇ ಹೇಳಿ, ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ.

ನೆಲೆಯಾದ ಮೇಲೆ ಹತ್ತಿರದ ಪಶುವೈದ್ಯರಿಂದ ಯುರೋಪಿನ ಪೆಟ್ ಪಾಸ್‌ಪೋರ್ಟ್ ಮಾಡಿಸಿ, ಟಾಸ್ಸೋ ಎಂಬ ಉಚಿತ ನೋಂದಣಿಯಲ್ಲಿ ಚಿಪ್ ಸಂಖ್ಯೆ ಸೇರಿಸಿ. ನೋಂದಾಯಿಸದ ಚಿಪ್ಪಿನಿಂದ ಕಳೆದುಹೋದ ಬೆಕ್ಕು ಮನೆಗೆ ಬರುವುದಿಲ್ಲ. ನಾಯಿಗೆ ಇರುವ ತೆರಿಗೆ ಬೆಕ್ಕಿಗಿಲ್ಲ. ಡಾಕ್ಟರ ಫೀಸು ಮಾತ್ರ ನಮ್ಮ ಲೆಕ್ಕಕ್ಕೆ ಜಾಸ್ತಿ. ಅದಕ್ಕೆ ಸರ್ಕಾರದ ದರಪಟ್ಟಿಯೇ ಇದೆ, 2022ರ ನವೆಂಬರಿನಲ್ಲಿ ಅದು ಏರಿತು. ಸಂತಾನಹರಣ ಚಿಕಿತ್ಸೆ ಬಾಕಿ ಇದ್ದರೆ ಬೆಂಗಳೂರಿನಲ್ಲೇ ಮುಗಿಸಿಕೊಂಡು ಹೋಗಿ. ಹೊರಗೆ ಓಡಾಡುವ ಬೆಕ್ಕಿಗೆ ಅದು ಕಡ್ಡಾಯವಾಗಿರುವ ಊರುಗಳು ಜರ್ಮನಿಯಲ್ಲಿ ಬಹಳ ಇವೆ, 2008ರಲ್ಲಿ ಪಾಡರ್‌ಬೋರ್ನ್ ಶುರು ಮಾಡಿತು.

ಜರ್ಮನಿ ಅಲ್ಲದಿದ್ದರೆ

ಬ್ರಿಟನ್ನಿಗೆ ಚಿಪ್, ಲಸಿಕೆ, ಟೈಟರ್, ಮೂರು ತಿಂಗಳು ಎಲ್ಲ ಇದೇ ಥರ, ಆದರೆ ವಿಮಾನದಲ್ಲಿ ಕ್ಯಾಬಿನ್ ಇಲ್ಲ, ಕಾರ್ಗೊದಲ್ಲೇ ಇಳಿಯಬೇಕು. ದುಬೈಗೂ ಕಾರ್ಗೊ, ಜೊತೆಗೆ ಅಲ್ಲಿನ ಹವಾಮಾನ ಬದಲಾವಣೆ ಮತ್ತು ಪರಿಸರ ಸಚಿವಾಲಯದ ಆಮದು ಪರವಾನಗಿ ಮತ್ತು ಟೈಟರ್ ಬೇಕು. ಕರಾವಳಿಯಿಂದ ಹೋಗುವವರು ಇದನ್ನು ನೋಡಿಕೊಳ್ಳಿ. ಕೆನಡಾ ಸುಲಭ: ಮೂರು ತಿಂಗಳು ಮೀರಿದ ಬೆಕ್ಕಿಗೆ ರೇಬೀಸ್ ಲಸಿಕೆಯ ಪ್ರಮಾಣಪತ್ರ, ಕ್ವಾರಂಟೈನ್ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬೆಕ್ಕಿಗೆ ರೇಬೀಸ್ ಲಸಿಕೆಯನ್ನೂ ಕೇಳುವುದಿಲ್ಲ, ಆದರೆ ರಾಜ್ಯಗಳು ಮತ್ತು ವಿಮಾನ ಸಂಸ್ಥೆಗಳು ಕೇಳಬಹುದು. ಅದರಲ್ಲೂ ಹವಾಯಿ ರಾಜ್ಯದ ನಿಯಮಗಳು ಬೇರೆಯೇ ಲೋಕ. ಜಪಾನಿಗೆ ಎರಡು ಲಸಿಕೆ, ಟೈಟರ್, ಆಮೇಲೆ 180 ದಿನ ಕಾಯಬೇಕು. ಬರುವ 40 ದಿನ ಮುಂಚೆ ತಿಳಿಸಲೂಬೇಕು. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರ ಪ್ರವೇಶವೇ ಇಲ್ಲ. ಅವರು ಒಪ್ಪಿದ ಮೂರನೇ ದೇಶವೊಂದರಲ್ಲಿ ಇದ್ದು, ಅಲ್ಲಿಂದ ಹೋಗಿ ಮೆಲ್ಬರ್ನ್ ಹತ್ತಿರದ ಮಿಕ್ಕಲ್‌ಹ್ಯಾಮ್‌ನಲ್ಲಿ ಕ್ವಾರಂಟೈನ್ ಮುಗಿಸಬೇಕು.

ಊರಿಗೆ ಬಂದು ಹೋಗುವಾಗ

ರಜೆಗೆ ಬರುವಾಗ ಬೆಕ್ಕನ್ನು ಕರೆತರಬೇಡಿ. ಪಕ್ಕದ ಬೀದಿಯ ಕನ್ನಡದವರೋ ಬೆಕ್ಕಿನ ಹಾಸ್ಟೆಲೋ ನೋಡಿಕೊಳ್ಳಲಿ. ಆದರೆ ಮುಂದೆ ಬೆಕ್ಕಿನ ಜೊತೆ ಕೆಲವು ತಿಂಗಳು ಊರಲ್ಲೇ ಇದ್ದು ಮತ್ತೆ ಜರ್ಮನಿಗೆ ಹೋಗುವ ಯೋಚನೆ ಇದ್ದರೆ, ಅಲ್ಲಿಂದ ಹೊರಡುವ ಮುಂಚೆಯೇ ಟೈಟರ್ ಫಲಿತಾಂಶವನ್ನು ಪೆಟ್ ಪಾಸ್‌ಪೋರ್ಟಿನಲ್ಲಿ ಬರೆಸಿಕೊಳ್ಳಿ. ಬೂಸ್ಟರ್ ತಾರೀಖು ತಪ್ಪದಿದ್ದರೆ ವಾಪಸ್ ಹೋಗುವಾಗ ಆ ಮೂರು ತಿಂಗಳು ಕಾಯಬೇಕಿಲ್ಲ. ಬೂಸ್ಟರ್ ಊರಲ್ಲಿದ್ದಾಗಲೇ ಬರುವಂತಿದ್ದರೆ, ಹೊರಡುವ ಮುಂಚೆ ಜರ್ಮನಿಯಲ್ಲೇ ಹಾಕಿಸಿ ಪಾಸ್‌ಪೋರ್ಟಿನಲ್ಲಿ ಸೀಲು ಹೊಡೆಸಿಬಿಡಿ.